ಹೊಸ್ತಿಲು ದಾಟಲಾಗದ ಮನೆ

"ನನ್ನ ಹೆಸರಿಲೆ ಇನ್ನೊಂದು ಮನಿ ಐತೇನ್ರಿ?" ಶಾಂತಕ್ಕ ಗಾಬರಿಯಿಂದ ಕೇಳಿದರು. ಸನತ್‌ನಗರದಲ್ಲಿ ತೆರಿಗೆ ಅರ್ಜಿ ತುಂಬಿಕೊಡುವ ನಾನು ಹೌದೆಂದು ತಲೆಯಾಡಿಸಿದೆ. ಗೃಹಸಾಲದ ಬಡ್ಡಿಗೆ ಅವರು ಕೇಳಿದ್ದ ಹೆಚ್ಚುವರಿ ತೆರಿಗೆ ರಿಯಾಯಿತಿ ಮೊದಲ ಮನೆ ಕೊಳ್ಳುವವರಿಗೆ ಮಾತ್ರ; ಸಾಲ ಮಂಜೂರಾಗುವ ದಿನ ಬೇರೆ ಮನೆ ಇರಬಾರದು. ಇವರ ಪುಟ್ಟ ಫ್ಲ್ಯಾಟಿಗೆ ಸಾಲ ಮಂಜೂರಾದ ದಿನ, ಬೀದರಿನಲ್ಲಿ ಅಪ್ಪ ಬಿಟ್ಟುಹೋದ ಮನೆಯ ದಾಖಲೆಯಲ್ಲಿ ಅಣ್ಣಂದಿರ ಜೊತೆ ಇವರ ಹೆಸರೂ ಇತ್ತು.

"ತವರಿನ ಅರಿಷಿಣ-ಕುಂಕುಮ ಒಂದಿದ್ರ ಸಾಕಂತ ಹಕ್ಕು ಬಿಟ್ಟು ಸಹಿ ಮಾಡಿಕೊಟ್ಟಿದ್ನಲ್ರಿ!"

ಆ ಪತ್ರವನ್ನು ಅಣ್ಣಂದಿರು ನೋಂದಣಿ ಮಾಡಿಸಿರಲೇ ಇಲ್ಲ; ಹಾಗಾಗಿ ದಾಖಲೆಯಲ್ಲಿ ಇವರ ಪಾಲು ಹಾಗೇ ಉಳಿದಿತ್ತು. ಆದರೆ ಗಂಡ ತೀರಿಕೊಂಡ ಮೇಲೆ ಮಗಳನ್ನು ಕರೆದುಕೊಂಡು ಆ ಮನೆಗೆ ಹೋದ ಶಾಂತಕ್ಕನನ್ನು, ಇಲ್ಲಿ ನಿನ್ನದೇನೂ ಇಲ್ಲವೆಂದು ಹೊಸ್ತಿಲಿನಿಂದಲೇ ವಾಪಸು ಕಳಿಸಿದ್ದರಂತೆ.

ಶಾಂತಕ್ಕ ಕಾಗದಗಳನ್ನು ಚೀಲಕ್ಕೆ ತುರುಕಿಕೊಂಡು ಎದ್ದುಹೋದರು. 'ಬೇರೆ ಮನೆ ಇದೆಯೇ?' ಎಂಬ ಪ್ರಶ್ನೆಯ ಮುಂದೆ 'ಇದೆ' ಎಂದು ಬರೆದ ಕೈ ನನ್ನದೇ.