ಮಾರ್ಗದರ್ಶನಕ್ಕೆ ಒಯ್ದ ತೆಂಗಿನಕಾಯಿ

ಸಂತೋಷದಲ್ಲಿ ಬರೆಯಲು ಕುಳಿತರೆ ಅಕ್ಷರಗಳು ಗೆರೆ ಬಿಟ್ಟು ಓಡುತ್ತವೆ, ನನ್ನ ಕುರಿಗಳ ಹಾಗೆಯೇ. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟು ಕುರಿಗಳ ಹಿಂದೆ ಹೋದವನು ನಾನು. ಒಂದನ್ನು ತಿರುಗಿಸಿ ತರುವಷ್ಟರಲ್ಲಿ ಇನ್ನೊಂದು ಓಡಿರುತ್ತದೆ. ಇರಲಿ, ಓಡಲಿ. ಇವತ್ತು ಯಾರನ್ನೂ ಬೈಯುವ ಮನಸ್ಸಿಲ್ಲ.

ಎಲ್ಲ ಶುರುವಾದದ್ದು ಒಂದು ಮಾತಿನಿಂದ. ನಮ್ಮ ಪಾಮನಕಲ್ಲೂರಿನ ಬಸ್ ಸ್ಟ್ಯಾಂಡಿಗೆ ಒಂದು ದಿನ ಮೈಕು ಕಟ್ಟಿದ ಆಟೋ ಬಂತು. ಮಸ್ಕಿಯಲ್ಲಿ ‘ವೃತ್ತಿ ಮಾರ್ಗದರ್ಶನ’ ಇದೆ, ಹತ್ತನೆಯ ತರಗತಿ ಪಾಸಾದ ಮಕ್ಕಳು ತಪ್ಪದೆ ಬರಬೇಕು ಎಂದು ಕೂಗುತ್ತಾ ಹೋಯಿತು. ಗಾಳಿ ಜೋರಿತ್ತು. ನನ್ನ ಕಿವಿಗೆ ಸರಿಯಾಗಿ ಬಿದ್ದದ್ದು ‘ದರ್ಶನ’ ಒಂದೇ. ಯಾರೋ ದೊಡ್ಡ ಸ್ವಾಮಿಗಳು ಬಂದಿದ್ದಾರೆ, ಪಾಸಾದ ಮಕ್ಕಳಿಗೆಂದೇ ದರ್ಶನ ಇಟ್ಟಿದ್ದಾರೆ ಎಂದುಕೊಂಡೆ. ನನ್ನ ಮೊಮ್ಮಗಳು ಆಗತಾನೆ ಪಾಸಾಗಿದ್ದಳಲ್ಲ!

ನೌಕರಿಯ ವಿಷಯವೆಂದು ತಿಳಿದಿದ್ದರೆ ನನ್ನ ಮಗನನ್ನೇ, ಅಂದರೆ ಅವಳ ಅಪ್ಪನನ್ನೇ, ಜೊತೆಗೆ ಕಳಿಸುತ್ತಿದ್ದೆ. ಅವನೋ ಮಗಳಿಗೆ ಹೊಲಿಗೆ ಕಲಿಸಬೇಕೆಂದು ಆಗಲೇ ತೀರ್ಮಾನ ಮಾಡಿಬಿಟ್ಟಿದ್ದ. ಅವಳಿಗೆ ಸೂಜಿ ಕಂಡರೆ ಆಗದು. ದೇವರ ಕೆಲಸವೆಂದು ನಾನು ಹೊರಟೆ. ಮೊಮ್ಮಗಳಿಗೆ ಎಲ್ಲ ಗೊತ್ತಿತ್ತು, ಆದರೂ ಬಾಯಿ ಬಿಡಲಿಲ್ಲ, ಕಳ್ಳಿ. ತಲೆಸ್ನಾನ ಮಾಡಿ, ಹಸಿದ ಹೊಟ್ಟೆಯಲ್ಲಿ, ಕೈಯಲ್ಲಿ ತೆಂಗಿನಕಾಯಿ ಊದಿನಕಡ್ಡಿ ಹಿಡಿದು ಮಸ್ಕಿಯಲ್ಲಿ ಇಳಿದೆವು.

ಕಾರ್ಯಕ್ರಮದ ಹಾಲಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟವನು ನಾನೊಬ್ಬನೇ. ಒಳಗೆ ಮೇಜಿನ ಹಿಂದೆ ಒಬ್ಬ ಮೇಡಂ ಕುಳಿತಿದ್ದರು. ಕಾಯಿಯನ್ನು ಅವರ ಮುಂದಿಟ್ಟು ಕೈಮುಗಿದೆ.

“ಇದೇನ್ರೀ ಯಜಮಾನ್ರ?”

“ಕಾಯಿ ರೀ, ತಾಯಿ. ದರ್ಶನಕ್ಕ ಬಂದೀವಿ. ಸ್ವಾಮಿಗಳು ಎಲ್ಲಿ ಅದಾರ್ರಿ?”

ಮೊಮ್ಮಗಳು ಹಿಂದಿನಿಂದ ನನ್ನ ಅಂಗಿ ಜಗ್ಗಿದಳು. “ಮುತ್ಯಾ, ಮರ್ಯಾದಿ ತಗೀಬ್ಯಾಡ. ಇದು ನೌಕರೀದು.”

“ನೌಕರಿ ಕೊಡೋ ಸ್ವಾಮಿಗಳೇನು?”

ಹಾಲಿಗೆ ಹಾಲೇ ನಕ್ಕಿತು. ಮೇಡಂ ಕಣ್ಣೊರೆಸಿಕೊಂಡು, “ಸ್ವಾಮಿಗಳು ಯಾರೂ ಇಲ್ರೀ, ನಾನೊಬ್ಬಾಕಿ ಅದೀನಿ. ದರ್ಶನ ನಾನೇ ಮಾಡಿಸ್ತೀನಿ, ಕುಂದ್ರಿ” ಎಂದರು. ಅಷ್ಟೊತ್ತು ಬೆವರುತ್ತಿದ್ದ ಹುಡುಗಿ ನಗುನಗುತ್ತಲೇ ಕುರ್ಚಿಯಲ್ಲಿ ಕುಳಿತಳು. ಊಟ ಮರೆತು ನೀನು ಏನು ಮಾಡುತ್ತೀ ಎಂದು ಮೇಡಂ ಕೇಳಿದರು.

“ಟ್ರ್ಯಾಕ್ಟರ್ ಬಿಚ್ಚೋದು ನೋಡ್ತೀನ್ರಿ.”

“ಖರೇ ಐತ್ರಿ ತಾಯಿ,” ಎಂದು ನಾನು ಬಾಯಿ ಹಾಕಿದೆ. “ನೀರಿಗೆ ಕಳಿಸಿದ್ರ ಟ್ರ್ಯಾಕ್ಟರ್ ರಿಪೇರಿ ಮೇಸ್ತ್ರಿ ಮುಂದ ಕುಂತಿರ್ತಾಳ. ಕೊಡ ಒಂದು ಕಡಿ, ಈಕಿ ಒಂದು ಕಡಿ.”

ಈ ಮಾತಿಗೆ ಮೇಡಂ ನಗಲಿಲ್ಲ. ಲಿಂಗಸುಗೂರಿನಲ್ಲಿ ಒಂದು ವರ್ಷದ ಟ್ರ್ಯಾಕ್ಟರ್ ಮೆಕ್ಯಾನಿಕ್ ತರಬೇತಿ ಇದೆ, ಹುಡುಗಿಯರೂ ಸೇರಬಹುದು, ಮುಗಿದ ಮೇಲೆ ಉದ್ಯೋಗ ಕಚೇರಿಯಲ್ಲಿ ಹೆಸರು ಬರೆಸಿದರೆ ಕೆಲಸ ಕೊಡುವವರು ಬಂದಾಗ ಕಚೇರಿಯವರೇ ಕರೆಯುತ್ತಾರೆ ಎಂದು ಬಿಡಿಸಿ ಹೇಳಿದರು. “ಕಲಿಸಿ ಕೈ ಬಿಡೋದಿಲ್ರೀ ಯಜಮಾನ್ರ. ಕೆಲಸದ ಬಾಗಿಲ ತನಕ ಕರ್ಕೊಂಡು ಹೋಗ್ತೀವಿ. ಒಳಗ ಹೋಗೋದು ಆಕಿ ಕೈಯಾಗೈತಿ.”

ಮನೆಗೆ ಬಂದು ಹೇಳಿದಾಗ ಮಗ ತಲೆಯ ಮೇಲೆ ಕೈ ಹೊತ್ತು ಕುಳಿತ. “ಯಪ್ಪಾ, ದರ್ಶನಕ್ಕ ಹೋದಾವ ಟ್ರ್ಯಾಕ್ಟರ್ ತಂದೀಯಲ್ಲೋ!” ಮಗಳ ಮುಖ ನೋಡಿ ಸ್ವಲ್ಪ ಮೆತ್ತಗಾದ. “ಒಂದು ವರ್ಷ ಕಲಿ. ಆಮ್ಯಾಲೆ ನೌಕರಿ ಸಿಗಲಿಲ್ಲಂದ್ರ ಸೀದಾ ಹೊಲಿಗಿ ಮಿಷನ್ ಮುಂದ ಕುಂದ್ರಬೇಕು. ಒಪ್ಪಿಗಿ?” ಅವಳು ಒಪ್ಪಿದಳು. ಒಪ್ಪದೆ ಏನು ಮಾಡುತ್ತಾಳೆ?

ಆ ವರ್ಷವೆಲ್ಲ ನಮ್ಮ ಮನೆಯಲ್ಲಿ ಡೀಸೆಲ್ ವಾಸನೆ. ಲಿಂಗಸುಗೂರಿನಿಂದ ಬಸ್ಸಿಳಿದು ಬಂದವಳು ಎಷ್ಟು ತೊಳೆದರೂ ಕೈಯಲ್ಲಿ ಕಪ್ಪು ಉಳಿಯುತ್ತಿತ್ತು. ಆ ಕೈಯಲ್ಲೇ ಬಡಿದ ರೊಟ್ಟಿ ನನಗೆ ಬಲು ರುಚಿ. ಮಗ ಮಾತ್ರ, “ರೊಟ್ಟಿಗೂ ಗ್ರೀಸ್ ಹಚ್ಚೀಯೇನಬೇ?” ಎಂದು ಕಾಡುತ್ತಿದ್ದ.

ತರಬೇತಿ ಮುಗಿಯಿತು, ಹೆಸರೂ ಬರೆಸಿದಳು. ಕೆಲವು ದಿನಗಳಲ್ಲೇ ಸಿಂಧನೂರಿನ ಉದ್ಯೋಗ ಮೇಳಕ್ಕೆ ಬಾ ಎಂದು ಮೊಬೈಲಿಗೆ ಕರೆ ಬಂತು. ನಾನೂ ಹೊರಟೆ. “ಬರಾದಿದ್ರ ಬಾ ಮುತ್ಯಾ, ಕಾಯಿ ಮಾತ್ರ ತರಬ್ಯಾಡ” ಎಂದಳು.

ಅಲ್ಲಿ ಒಬ್ಬ ಟ್ರ್ಯಾಕ್ಟರ್ ವರ್ಕ್‌ಶಾಪಿನ ಸಾಹುಕಾರರು ಅವಳನ್ನು ಕೂರಿಸಿಕೊಂಡು ಬಹಳ ಹೊತ್ತು ಮಾತಾಡಿದರು. ಎಲ್ಲ ಮೆಚ್ಚಿಕೊಂಡು ಕೊನೆಗೆ ತಲೆ ಅಲ್ಲಾಡಿಸಿದರು.

“ಕಲ್ತೀಯವ್ವ, ಖರೆ. ಆದ್ರ ನಾಟಿ ಸೀಜನ್ನಿನ್ಯಾಗ ಟ್ರ್ಯಾಕ್ಟರ್ ಗದ್ದಿಯೊಳಗ ಕೆಟ್ಟು ನಿಂತ್ರ ಅಲ್ಲೇ ಹೋಗಿ ಬಿಚ್ಚಬೇಕು. ಮಣಕಾಲಮಟ ಕೆಸರು. ಹೆಣ್ಮಗಳು ನೀ, ಹೆಂಗ ನಿಂದ್ರತಿ?”

ನನಗೆ ಹೊಲಿಗೆ ಮಿಷನ್ನಿನ ಸದ್ದು ಕಿವಿಯಲ್ಲೇ ಕೇಳಿದಂತಾಯಿತು. ಇನ್ನೇನು ಬಾಯಿ ತೆರೆಯಬೇಕು, ಅಷ್ಟರಲ್ಲಿ ಮೊಮ್ಮಗಳು ಮೇಜಿನ ಕೆಳಗೆ ನನ್ನ ಕಾಲು ತುಳಿದು ತಾನೇ ಕೇಳಿದಳು.

“ಸಾವ್ಕಾರ್ರ, ಆ ಕೆಸರಿನ್ಯಾಗ ಮುಂಜಾನಿಂದ ಸಂಜೀಮಟ ನಿಂತು ನಾಟಿ ಹಚ್ಚೋರು ಯಾರ್ರಿ?”

ಪಕ್ಕದ ಮೇಜಿನವನು, “ಸಿಕ್ಕಿ ಬಿದ್ರಿ ನೋಡ್ರಿ! ನಿಮ್ಮ ಗದ್ದಿಗೂ ಹೆಣ್ಮಕ್ಳೇ ಬರ್ತಾರಲ್ರೀ” ಎಂದು ಕೂಗಿದ. ಸಾಹುಕಾರರಿಗೂ ನಗು ಬಂತು. “ಬಾಯಿ ಜೋರೈತಿ. ಕೈ ಹೆಂಗೈತಿ ನೋಡೋಣು. ನಾಟಿ ಮುಗಿಯೋಮಟ ಮಾಡು. ಖಾಯಂ ಮಾಡಾದು ಬಿಡಾದು ಆಮ್ಯಾಲಿನ ಮಾತು.”

ಅವಳು ಸಿಂಧನೂರಿನ ಸೋದರತ್ತೆಯ ಮನೆಯಲ್ಲಿ ಉಳಿದಳು. ಕಾಲುವೆಗೆ ನೀರು ಬಂತು, ನಾಟಿ ಶುರುವಾಯಿತು, ನಮ್ಮ ಜೀವ ಫೋನಿಗೆ ಅಂಟಿಕೊಂಡಿತು. ಕೊನೆಗೊಂದು ಬೆಳಿಗ್ಗೆ ಕುರಿ ಮೇಯಿಸುತ್ತಿದ್ದಾಗ ಫೋನು ರಿಂಗಾಯಿತು.

“ಮುತ್ಯಾ, ಖಾಯಂ ಆತು!”

ನಾನು ಹಾಕಿದ ಕೂಗಿಗೆ ಕುರಿಗಳು ನಾಲ್ಕು ದಿಕ್ಕಿಗೆ ಚೆದುರಿದವು. ಅವನ್ನು ಮಗನಿಗೆ ಒಪ್ಪಿಸಿ, ಮೊದಲು ಬಂದ ಬಸ್ಸು ಹತ್ತಿದೆ. ಎಲ್ಲಿಗೆಂದು ಕಂಡಕ್ಟರ್ ಕೇಳಿದ.

“ಖಾಯಂ!” ಎಂದೆ.

“ಆ ಊರಿಗೆ ನಮ್ಮ ಬಸ್ ಹೋಗಂಗಿಲ್ರೀ ಯಜಮಾನ್ರ.”

ಆಮೇಲೆ ಸಿಂಧನೂರು ಬರುವವರೆಗೆ ಇಡೀ ಬಸ್ಸಿಗೆ ಕಥೆ ಹೇಳಿದೆ. ನಡುವೆ ಹತ್ತಿದವರಿಗಾಗಿ ಮತ್ತೆ ಮೊದಲಿನಿಂದ ಹೇಳಿದೆ.

ವರ್ಕ್‌ಶಾಪು ಮುಟ್ಟುವಷ್ಟರಲ್ಲಿ ವಳಕಮದಿನ್ನಿಯ ರೈತರೊಬ್ಬರು ಬಂದು, “ಮೇಸ್ತ್ರಿ ಎಲ್ಲಿ?” ಎಂದು ಕೇಳುತ್ತಿದ್ದರು. ಸಾಹುಕಾರರು ಯಾವ ಮೇಸ್ತ್ರಿ ಎಂದರು.

“ಮೊನ್ನೆ ನಮ್ಮ ಗದ್ದಿಗೆ ಬಂದಿದ್ಲಲ್ರೀ, ಆ ಮೇಸ್ತ್ರಿನೇ ಬೇಕು.”

“ಇಲ್ಲೇ ಅದೀನ್ರಿ, ಕುಂದ್ರಿ, ಬಂದೆ” ಎಂದು ಒಂದು ಟ್ರ್ಯಾಕ್ಟರಿನ ಕೆಳಗಿನಿಂದ ನನ್ನ ಮೊಮ್ಮಗಳ ದನಿ ಕೇಳಿತು.

ಅಷ್ಟರಲ್ಲಿ ಮಗನ ಫೋನು. ಮುಖ ಕಾಣುವ ಫೋನು ಮಾಡಿದ್ದ. ಅವನ ಹಿಂದೆ ನನ್ನ ಕುರಿಗಳೂ ಕಂಡವು.

“ಎಲ್ಲದಾಳ ಯಪ್ಪಾ ಆಕಿ?”

“ಟ್ರ್ಯಾಕ್ಟರ್ ಕೆಳಗದಾಳ. ಕಾಲಷ್ಟೇ ಕಾಣ್ತಾವ.”

ಅವನು ದನಿ ತಗ್ಗಿಸಿ, “ಕಾಲಾದ್ರೂ ತೋರ್ಸು” ಎಂದ.

ಫೋನನ್ನು ಆ ಕಡೆ ತಿರುಗಿಸಿ ಹಿಡಿದೆ.

“ಯಪ್ಪಾ, ಏನೂ ಕಾಣವಲ್ದು. ಕೈ ಯಾಕ ನಡಗಸಾಕತ್ತೀಯೋ?”

“ಕೈ ನಡಗಾಕತ್ತಿಲ್ಲಲೇ ಮಗನ,” ಎಂದೆ, “ನಾ ಕುಣ್ಯಾಕತ್ತೀನಿ!”