ಜೂನ್ ಒಂದರ ಹಗೆ

ಸಿದ್ದಾಪುರ ಸೀಮೆಯಲ್ಲಿ ಒಂದು ತಲೆಮಾರಿನ ಅರ್ಧ ಜನ ಜೂನ್ ಒಂದರಂದೇ ಹುಟ್ಟಿದವರು. ತಾಯಂದಿರೆಲ್ಲ ಮಾತಾಡಿಕೊಂಡು ಒಂದೇ ದಿನ ಹೆತ್ತರೇ? ಎಲ್ಲಿಯ ಮಾತು! ಅಪ್ಪ ಮಗುವನ್ನು ಶಾಲೆಗೆ ಕರೆತಂದರೆ ಮಾಸ್ತರು ಮುಖ ನೋಡಿ, ಶಾಲೆಗೆ ಬೇಕಾದ ವಯಸ್ಸು ಹೊಂದುವಂತೆ ಹಿಂದಕ್ಕೆ ಎಣಿಸಿ, ಜೂನ್ ಒಂದು ಎಂದು ಗೀಚಿಬಿಡುತ್ತಿದ್ದರು. ಅದರಿಂದ ಯಾರ ಗಂಟೂ ಹೋಗಲಿಲ್ಲ. ನಿಲ್ಕುಂದದ ತನುಜಾಳದ್ದು ಮಾತ್ರ ಹೋಯಿತು.

ಅವಳು ಹುಟ್ಟಿದ್ದು ಸಂಕ್ರಾಂತಿಯ ಮರುದಿನ. ಹೆಡ್‌ಮಾಸ್ತರು ಮಧುಕೇಶ್ವರ ಹೆಗಡೆಯವರು ಅದಕ್ಕೂ ಏಳು ತಿಂಗಳು ಹಿಂದಿನ ಜೂನ್ ಒಂದನ್ನು ಬರೆದರು. ಹುಡುಗಿ ಕೊಯ್ಲಾದ ಗದ್ದೆಯಲ್ಲಿ ಗಂಡುಮಕ್ಕಳ ಜೊತೆ ಚೆಂಡು ಒದ್ದು ಬೆಳೆದಳು. ಕಾಲೇಜಿಗೆ ಬರುವಷ್ಟರಲ್ಲಿ ಶಿರಸಿ, ಯಲ್ಲಾಪುರದ ಮೈದಾನಗಳಲ್ಲಿ ಅವಳ ಎಡಗಾಲಿಗೆ ಹೆಸರು ಬಂದಿತ್ತು. ಹತ್ತೊಂಬತ್ತು ವರ್ಷದೊಳಗಿನ ಹುಡುಗಿಯರ ಏಷ್ಯಾ ಪಂದ್ಯಾವಳಿಗೆ ತಂಡ ಆರಿಸುವ ಶಿಬಿರಕ್ಕೆ ಕರೆಯೂ ಬಂತು. ಹದಿನೆಂಟು ದಿನ ಅಲ್ಲಿದ್ದಳು. ಅಂಗಿಯ ಬೆನ್ನಿಗೆ ಹನ್ನೊಂದು ಎಂಬ ನಂಬರೂ ಬಿತ್ತು. ಹತ್ತೊಂಬತ್ತನೆಯ ದಿನ ದಾಖಲೆ ನೋಡಿದವರು, ನಿನಗೆ ವಯಸ್ಸು ಮೀರಿದೆ, ತಿದ್ದಿದ ಪತ್ರ ತಂದರೆ ಮಾತ್ರ ಉಂಟು ಎಂದು ಬಸ್ಸು ಹತ್ತಿಸಿದರು.

ಅವಳಪ್ಪ ರಾಮ ನಾಯ್ಕ ಹೇರೂರಿನಲ್ಲಿದ್ದ ಹೆಗಡೆ ಮಾಸ್ತರ ಮನೆಗೆ ಏಳು ಸಲ ನಡೆದ. ಆರು ಸಲ "ನಾಳೆ ಬಾ" ಎಂದರು. ಏಳನೆಯ ಸಲ ತನುಜಾಳೂ ಹೋಗಿದ್ದಳು. ಅಪ್ಪ ಟವೆಲ್ಲನ್ನು ಕಂಕುಳಲ್ಲಿಟ್ಟು ಅಂಗಳದಲ್ಲಿ ನಿಂತಿದ್ದ. ಮಾಸ್ತರು ಜಗಲಿಯ ಮೇಲಿಂದ ನಕ್ಕರು. "ನನ್ನ ಕೈಬರಹ ತಪ್ಪು ಅಂತ ನಾನೇ ಬರ್ದು ಕೊಡ್ಲಾ ರಾಮ? ಹೆಣ್ಣುಡುಗಿ ಚಡ್ಡಿ ಹಾಕಿ ಓಡೂದು ತಪ್ಪಿತು ಅಂತ ಖುಷಿ ಪಡು ಮಾರಾಯ."

ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ! ತಪ್ಪು ಬರೆದವರು ಪಿಂಚಣಿ ತೆಗೆದುಕೊಂಡು ಆರಾಮಾಗಿ ಕುಂತರು. ಅಪ್ಪ ಮಾತ್ರ ಸಾಯುವ ತನಕ, ನಾನು ಎಂಟನೇ ಸಲ ಹೋಗಬೇಕಿತ್ತೇನೋ ಎಂದು ಕೊರಗಿದ. ಅದನ್ನು ತನುಜಾ ಮರೆಯಲಿಲ್ಲ. ಮರೆಯಲು ಅವಳಿಗೇನು ಹುಚ್ಚೇ?

ಅವಳು ಹೇರೂರಿನ ಅಂಗನವಾಡಿ ಟೀಚರಾದಳು. ಯಾವ ಮನೆಯಲ್ಲಿ ಮಗು ಹುಟ್ಟಿದರೂ ಅದೇ ದಿನ ಹೋಗಿ ತಾರೀಕು, ಗಂಟೆ ಕೇಳಿ ರಿಜಿಸ್ಟರಿನಲ್ಲಿ ಬರೆದಳು. "ಬಾಣಂತಿಗಿಂತ ಇವಳಿಗೇ ಗಡಿಬಿಡಿ" ಎಂದು ಹೆಂಗಸರು ನಗಾಡಿದರು. ಸಂಜೆ ಮಕ್ಕಳು ಮನೆಗೆ ಹೋದ ಮೇಲೆ ಸೆರಗು ಬಿಗಿದು ಊರ ಹುಡುಗಿಯರಿಗೆ ಫುಟ್‌ಬಾಲ್ ಕಲಿಸಿದಳು. ಅವರಲ್ಲಿ ಎಲ್ಲರಿಗಿಂತ ಮುಂದಿದ್ದವಳು ಸಮೃದ್ಧಿ. ಯಾರ ಮೊಮ್ಮಗಳು? ಅದೇ ಮಧುಕೇಶ್ವರ ಮಾಸ್ತರದ್ದು! ದೇವರಿಗೂ ಒಮ್ಮೊಮ್ಮೆ ತಮಾಷೆ ನೋಡುವ ಆಸೆಯಾಗುತ್ತದೆ.

ಈ ವರ್ಷ ಸಮೃದ್ಧಿಗೆ ಹದಿನೇಳು ವರ್ಷದೊಳಗಿನ ಹುಡುಗಿಯರ ಏಷ್ಯಾ ಪಂದ್ಯಾವಳಿಯ ಶಿಬಿರಕ್ಕೆ ಕರೆ ಬಂತು. ಹೋಗಿ ವಾರವಾಗಿರಲಿಲ್ಲ, ವಯಸ್ಸಿನ ಗಲಾಟೆ ಎದ್ದಿತು. ಹುಡುಗಿ ಆಸ್ಪತ್ರೆಗೆ ಹೋಗುವ ಜೀಪಿನಲ್ಲೇ ಹುಟ್ಟಿದ್ದು, ಫೆಬ್ರವರಿಯಲ್ಲಿ. ಮೊಮ್ಮಗಳನ್ನು ಒಂದು ವರ್ಷ ಮೊದಲೇ ಶಾಲೆಗೆ ಸೇರಿಸುವ ಅವಸರದಲ್ಲಿ ಅಜ್ಜ ಹಳೇ ಚಾಳಿಯಂತೆ ಹಿಂದಿನ ವರ್ಷದ ಜೂನ್ ಒಂದು ಎಂದು ಬರೆಸಿದ್ದರು. ಜನನ ಪತ್ರವನ್ನೂ ಆಮೇಲೆ ಅದನ್ನೇ ನೋಡಿ ಮಾಡಿಸಿದ್ದು. ಹತ್ತು ದಿನದಲ್ಲಿ ಹುಟ್ಟಿದಾಗಿನ ದಾಖಲೆ ಕೊಡದಿದ್ದರೆ ಮನೆಗೆ ನಡೆ ಎಂದಿದ್ದರು ಶಿಬಿರದವರು. ಆ ದಾಖಲೆ ಇದ್ದದ್ದು ತನುಜಾಳ ರಿಜಿಸ್ಟರಿನಲ್ಲಿ ಮಾತ್ರ.

ಮಾಸ್ತರು ಕೋಲೂರಿಕೊಂಡು ಬಂದರು. ತನುಜಾ ಮಕ್ಕಳಿಗೆ ಊಟ ಬಡಿಸುತ್ತಿದ್ದಳು.

"ತಂಗಿ, ಆ ಹಳೇ ರಿಜಿಸ್ಟರ್ ಒಂಚೂರು..."

"ಹುಡುಕ್ಬೇಕು ಮಾಸ್ತರೆ. ನಾಳೆ ಬನ್ನಿ."

ಅಂದು ಮಧ್ಯಾಹ್ನ ಅಂಗನವಾಡಿಗೆ ಬೀಗ ಹಾಕಿ, ಚೀಲ ಹೆಗಲಿಗೇರಿಸಿ ಅವಳು ಸಿದ್ದಾಪುರದ ಬಸ್ಸು ಹತ್ತಿದಳು. ಎಲ್ಲಿಗೆ ಎಂದು ಕೇಳಿದವರಿಗೆ ಕೆಲಸ ಉಂಟು ಎಂದಳು.

ಮರುದಿನವೂ "ನಾಳೆ ಬನ್ನಿ." ಅದರ ಮರುದಿನವೂ. ನಾಲ್ಕನೆಯ ದಿನ ಮುದುಕರ ದನಿ ಏರಿತು, "ಮೇಲಿನವರಿಗೆ ಹೇಳ್ತೆ ನೋಡು" ಎಂದು ಹೆದರಿಸಿದರು. "ಹೇಳಿ, ಆದ್ರೆ ಅವರಿಗೂ ನಾನೇ ಹುಡುಕಿ ಕೊಡ್ಬೇಕಲ್ಲ" ಎಂದಳು. ಐದನೆಯ ದಿನ ದನಿ ಇಳಿಯಿತು. ಆರನೆಯ ದಿನ ಬಿಸಿಲಿಗೆ ತಲೆ ತಿರುಗಿ ಮೆಟ್ಟಿಲ ಮೇಲೆ ಕುಸಿದರು. ತನುಜಾ ನೀರು ಕೊಟ್ಟಳು, ಬೆಲ್ಲವನ್ನೂ ಕೊಟ್ಟಳು, ಆಮೇಲೆ ನಾಳೆ ಬನ್ನಿ ಎಂದಳು. ಪಾಪ ಅನ್ನಿಸಲಿಲ್ಲವೇ? ಅನ್ನಿಸಿತು. ಅಪ್ಪನ ಒಡೆದ ಹಿಮ್ಮಡಿ ನೆನಪಾಯಿತು, ಪಾಪ ಅಲ್ಲಿಗೇ ನಿಂತಿತು.

ಏಳನೆಯ ದಿನ ಮಕ್ಕಳ ಪುಟ್ಟ ಕುರ್ಚಿಯನ್ನೇ ಅವರ ಮುಂದಿಟ್ಟಳು. ಮೊಣಕಾಲು ಗದ್ದಕ್ಕೆ ತಾಗುವಂತೆ ಕುಂತ ಅವರ ಕೈಗೆ ಹಾಳೆ, ಪೆನ್ನು ಕೊಟ್ಟಳು.

"ಬರೀರಿ. ರಾಮ ನಾಯ್ಕನ ಮಗಳು ತನುಜಾ ಹುಟ್ಟಿದ್ದು ಸಂಕ್ರಾಂತಿ ಮರುದಿನ. ಜೂನ್ ಒಂದು ಅಂತ ನಾನು ಬರೆದದ್ದು ತಪ್ಪು. ತಪ್ಪು ಅಂತ ಗೊತ್ತಿದ್ದೂ ತಿದ್ದಲಿಲ್ಲ."

ಮುದುಕರು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು, ಮತ್ತೆ ತೆಗೆದರು. ಕೊನೆಗೆ ಬರೆದರು. ಅಕ್ಷರ ಹಿಂದಿನಂತೆಯೇ ದುಂಡಗಿತ್ತು. ರುಜು ಹಾಕಿ, "ಇನ್ನಾದ್ರೂ ಕೊಡೆ ತಂಗಿ. ಮೂರೇ ದಿನ ಉಳದ್ದು" ಎಂದರು.

"ಅದು ನೀವು ಬಂದ ಮೊದಲನೇ ದಿನವೇ ಹೋಯ್ತು. ಸಿದ್ದಾಪುರದಲ್ಲಿ ಸೀಲು ಹಾಕ್ಸಿ ನಾನೇ ಕಳಿಸಿದೆ. ಸಮೃದ್ಧಿ ತಂಡದಲ್ಲಿದ್ದಾಳೆ."

"ಹಂಗಾರೆ ನನ್ನ ಏಳು ದಿನ ತಿರುಗಿಸಿದ್ದು ಎಂತಕ್ಕೆ?"

"ನನ್ನಪ್ಪ ತಿರುಗಿದ್ದಕ್ಕೆ."

"ಸಮೃದ್ಧಿ ಕೂಸು ನಂಗೆ ಒಂದು ಮಾತೂ ಹೇಳಿದ್ದಿಲ್ಲೆ."

"ನಾನೇ ಫೋನ್ ಮಾಡಿ, ಅಜ್ಜಂಗೆ ಹೇಳಬೇಡ ಅಂದಿದ್ದೆ. ಯಾಕೆ ಅಂತಲೂ ಪೂರ್ತಿ ಹೇಳಿದ್ದೆ. ಚಡ್ಡಿ ಮಾತನ್ನೂ."

ಶಾಲೆ ತುಂಬ ಮಕ್ಕಳ ಎದುರು ಯಾವತ್ತೂ ತಗ್ಗದ ಮಾಸ್ತರ ತಲೆ ಆ ಪುಟ್ಟ ಕುರ್ಚಿಯಲ್ಲಿ ತಗ್ಗಿತು. ಕಷ್ಟಪಟ್ಟು ಎದ್ದು, ಬಾಗಿಲವರೆಗೆ ಹೋಗಿ ತಿರುಗಿದರು. ಕಣ್ಣು ತುಂಬಿತ್ತು.

"ತಪ್ಪಾತು ತನುಜಾ. ಕ್ಷಮಿಸ್ತ್ಯ?"

ತನುಜಾ ಹಾಳೆಯನ್ನು ಮಡಚಿ ರಿಜಿಸ್ಟರಿನೊಳಗಿಟ್ಟಳು.

"ನಾಳೆ ಬನ್ನಿ ಮಾಸ್ತರೆ" ಎಂದು ಮಕ್ಕಳ ತಟ್ಟೆ ತೊಳೆಯಲು ಹೋದಳು.