ಸುಬ್ಬಿಯ ಪಾಲಿನ ಹೊಸಕ್ಕಿ

ನಮ್ಮತ್ತೆ ಸುಬ್ಬಿ ಮಂಕಿಯಿಂದ ಮೀನುಬುಟ್ಟಿ ಹೊತ್ತು ಪೇಟೆ ಪೇಟೆ ಸುತ್ತಿದವರು. ಭಟ್ಕಳದಲ್ಲಿ ನವಾಯತಿ, ಕುಮಟೆಯಲ್ಲಿ ಕೊಂಕಣಿ, ಕಂಡಕ್ಟರನ ಹತ್ತಿರ ಅಚ್ಚಗನ್ನಡದ ಬೈಗುಳ. ಬಾಯಿಗೆ ಬರವಿಲ್ಲ. ಆದರೆ ಹೊನ್ನಾವರ ದಾಟುವಾಗ, ಮಿಶನ್ ಕಂಪೌಂಡಿನ ಗೇಟು ಕಂಡರೆ ಸಾಕು, ಮಾತು ನಿಲ್ಲುತ್ತಿತ್ತು. ಮೂವತ್ತೆಂಟು ವರ್ಷ ಬಸ್ಸಿನ ಕಿಟಕಿಯಿಂದ ಆ ಗೇಟು ನೋಡಿದರೇ ಹೊರತು ಒಳಗೆ ಕಾಲಿಡಲಿಲ್ಲ.

"ಒಂದಿನ ಇಳಿದು ಹೋಗಿ ಅತ್ತೆ" ಅಂದರೆ, "ಎಂತ ಮುಖ ಇಟ್ಕಂಡು ಹೋಗುದೆ ಧನ್ಯಾ?" ಅನ್ನುತ್ತಿದ್ದರು. ನನಗೆ ರೇಗುತ್ತಿತ್ತು.

ಕಥೆ ಇಷ್ಟೇ. ಅಪ್ಪ, ಅಮ್ಮ ಒಂದೇ ವರ್ಷ ತೀರಿಕೊಂಡಾಗ ಎಂಟು ವರ್ಷದ ಸುಬ್ಬಿಯನ್ನು ಸೋದರಮಾವ ದಾಸ ಅಲ್ಲಿಯ ಬೋರ್ಡಿಂಗಿನಲ್ಲಿ ಬಿಟ್ಟಿದ್ದ. ಸಿಸ್ಟರ್ ಸೆವ್ರಿನ್ ತಲೆ ಬಾಚಿದರು, ಅಕ್ಷರ ಕಲಿಸಿದರು, ಜ್ವರ ಬಂದರೆ ಮಗ್ಗುಲಲ್ಲೇ ಕೂತರು. ಹತ್ತು ವರ್ಷದ ಮೇಲೆ, ಸಿಸ್ಟರ್ ಕುಮಟೆಗೆ ಹೋಗಿದ್ದ ಒಂದು ದಿನ, ಅದೇ ದಾಸ ಬಂದು ಮದುವೆ ಗೊತ್ತಾಗಿದೆ ಎಂದು ಎಬ್ಬಿಸಿಕೊಂಡು ಹೋದ. ಹೇಳದೆ ಕೇಳದೆ ಬಂದೆ, ಸಿಸ್ಟರಿಗೆ ಸಿಟ್ಟು ಬಂದಿರಬೇಕು, ಅದಕ್ಕೇ ಆಮೇಲೆ ನನ್ನನ್ನು ವಿಚಾರಿಸಲೇ ಇಲ್ಲ ಅನ್ನುವುದು ಅತ್ತೆಯ ಕೊರಗು.

ಈ ಸಲ ಸಿಸ್ಟರ್ ಮಂಗಳೂರಿನ ವೃದ್ಧ ಸಿಸ್ಟರುಗಳ ಮನೆಗೆ ಹೋಗುತ್ತಾರೆ ಎಂಬ ಸುದ್ದಿ ಬಂತು. ಚೌತಿ ಗಣಪತಿಯನ್ನು ನೀರಿಗೆ ಬಿಟ್ಟು ವಾರವಾಗಿತ್ತಷ್ಟೆ. ನಾನು ಅತ್ತೆಯ ಕೈ ಹಿಡಿದು ಶನಿವಾರವೇ ಎಳೆದುಕೊಂಡು ಹೋದೆ. ಬರಿಗೈಯಲ್ಲಿ ಹೋಗುವ ಜಾತಿಯೇ ಅವರು? ಐಸ್ ಹಾಕಿ ದೊಡ್ಡ ಇಸ್ವಾಣ ಮೀನು ಕಟ್ಟಿಕೊಂಡಿದ್ದರು.

ಅಡುಗೆಮನೆಯ ಸುಶ್ಮಿತಾ ಚೀಲ ಬಿಚ್ಚಿ ನಕ್ಕುಬಿಟ್ಟಳು. "ಅಯ್ಯೋ ಅಮ್ಮಾ, ನಾಳೆ ಮೊಂತಿ ಹಬ್ಬ, ಮರಿಯಮ್ಮ ಹುಟ್ಟಿದ ದಿನ ಅಲ್ದಾ? ನಮ್ಮಲ್ಲಿ ನಾಳೆ ಮೀನಿಲ್ಲ, ಬರೀ ತರಕಾರಿ."

ಅತ್ತೆಯ ಮುಖ ಇಳಿದುಹೋಯಿತು. "ಹತ್ತು ವರ್ಷ ಇಲ್ಲೇ ಉಂಡವ್ಳು, ಇದನ್ನೇ ಮರ್ತೆ ಮಾರಾಯ್ತಿ. ನಾನೀಗ ಇಲ್ಲಿಯವ್ಳಲ್ಲ, ಅಷ್ಟೇ."

ಸಂಜೆ ಚರ್ಚಿನಲ್ಲಿ ಹಿಂದಿನ ಬೆಂಚೇ ಹಿಡಿದರು. ಕೊಂಕಣಿ ಹಾಡು ಶುರುವಾದರೆ ತುಟಿ ಅಲ್ಲಾಡುತ್ತಿತ್ತು, ದನಿ ಹೊರಡುತ್ತಿರಲಿಲ್ಲ. ಮುಂದೆ ಗಾಲಿಕುರ್ಚಿಯಲ್ಲಿ ಸಿಸ್ಟರ್ ಇದ್ದರು, ಕಣ್ಣು ಮಂಜಾಗಿತ್ತು. ನಾನು ದೂಡಿದೆ, ಚಿವುಟಿದೆ, ಬೈದೆ. "ನಾಳೆ, ನಾಳೆ" ಅಂದರು.

ಭಾನುವಾರ ಮಕ್ಕಳು ಮರಿಯಮ್ಮನಿಗೆ ಹೂ ಎರಚಿದರು. ಪಾದ್ರಿಗಳು ಹೊಸ ತೆನೆಗಳನ್ನು ಆಶೀರ್ವದಿಸಿ ಮನೆಗೊಂದರಂತೆ ಹಂಚಿದರು. ಮಧ್ಯಾಹ್ನ ಆ ತೆನೆಯ ಅಕ್ಕಿ ಅರೆದು, ಕಾಯಿಹಾಲು ಬೆಲ್ಲ ಕದಡಿ, ಪುಟ್ಟ ಲೋಟಗಳಿಗೆ ಬಗ್ಗಿಸಿದರು. ಹೊಸಕ್ಕಿಯ ಈ ಪಾಲು ಮನೆಯವರಿಗೆ ಮಾತ್ರ. ಹಿರಿಯರು ಹೆಸರು ಕರೆದು ಕೊಡಬೇಕು. ನೆಂಟರಿಗೆ ಪಾಯಸ. ಅತ್ತೆ ಕೇಳದೆಯೇ ನೆಂಟರ ಸಾಲಿನಲ್ಲಿ ಕೂತರು.

ಸಿಸ್ಟರ್ ಒಬ್ಬೊಬ್ಬರನ್ನೇ ಕರೆದರು. ಎಲ್ಲರದ್ದೂ ಆಯಿತು. ಇನ್ನೂ ಎರಡು ಲೋಟ ಉಳಿದವು.

"ಒಂದು ಅವರದು. ಇನ್ನೊಂದು ಊರಲ್ಲಿಲ್ಲದ ಮಗಳದಂತೆ" ಎಂದು ಸುಶ್ಮಿತಾ ಪಿಸುಗುಟ್ಟಿದಳು. "ಪ್ರತಿ ವರ್ಷ ಇಡ್ತಾರೆ. ಕರೀತಾರೆ, ಯಾರೂ ಬರೂದಿಲ್ಲ, ಅವರೇ ಕುಡೀತಾರೆ."

ಸಿಸ್ಟರ್ ಲೋಟ ಎತ್ತಿ, ಯಾರನ್ನೂ ನೋಡದೆ, ರೂಢಿಯಂತೆ ಕರೆದರು. "ಸುಬ್ಬಿ."

ಅತ್ತೆ ಎದ್ದ ರಭಸಕ್ಕೆ ಪಾಯಸ ಚೆಲ್ಲಿತು.

"ಬಂದೆ ಸಿಸ್ಟರ್."

ಮುದುಕಿ ಅತ್ತೆಯ ಮುಖವನ್ನೆಲ್ಲ ತಡವಿದರು. "ಮೊದಲೈದು ವರ್ಷ ಹೊಸಕ್ಕಿ ಕಾಳು ಕವರಿಗೆ ಹಾಕಿ ಅಂಚೆಯಲ್ಲಿ ಕಳಿಸ್ದೆ ಪುತಾ, ನಿನ್ನ ಮಾವ ದಾಸನ ಮನೆಗೆ. ಒಂದಕ್ಕೂ ಉತ್ತರ ಬರ್ಲಿಲ್ಲ. ಹೇಳದೆ ಹೋದವಳಿಗೆ ನಾವು ಬೇಡವಾದೆವು ಅಂದ್ಕೊಂಡೆ."

"ನಂಗೆ ಒಂದೂ ಮುಟ್ಟಲಿಲ್ಲ" ಅಂದರು ಅತ್ತೆ. "ಒಂದೂ ಮುಟ್ಟಲಿಲ್ಲ ಸಿಸ್ಟರ್!"

ಆ ದಾಸ! ಕವರುಗಳನ್ನು ಅವನೇ ಅಡಗಿಸಿರಬೇಕು, ಹುಡುಗಿ ಮಿಶನ್ನಿಗೇ ವಾಪಸು ಓಡುತ್ತಾಳೆಂಬ ಭಯ ಅವನಿಗೆ. ಸತ್ತು ಹತ್ತು ವರ್ಷವಾಯಿತು, ಆದರೂ ನಾನು ಅಲ್ಲೇ, ಹಬ್ಬದೂಟದ ನಡುವೆ, ಅವನ ಜನ್ಮ ಜಾಲಾಡಿದೆ. ಅತ್ತೆ ಬಾಯಿಗೆ ಸೆರಗು ತುರುಕಿಕೊಂಡು ಅಳುತ್ತಿದ್ದರು. ಮೂವತ್ತೆಂಟು ವರ್ಷ ಇಬ್ಬರೂ ಒಬ್ಬರಿಗೊಬ್ಬರು ಹಂಬಲಿಸಿದ್ದು ಬರೀ ಹತ್ತು ಮೈಲಿ ದೂರದಲ್ಲಿ.

"ಸತ್ತವನಿಗೆ ಬೈಬೇಡಮ್ಮ, ಆತು ಬಿಡು" ಎಂದು ನನಗೆ ಹೇಳಿ, ಸಿಸ್ಟರ್ ಲೋಟವನ್ನು ಅತ್ತೆಯ ಕೈಗಿಟ್ಟರು. "ಕುಡಿ ಪುತಾ. ನಾಳೆ ನಾನು ಹೋಗ್ತೆ. ಇನ್ನು ಮೇಲೆ ನಿನ್ನ ಪಾಲು ಇಡುವವರು ಇಲ್ಲಿ ಯಾರೂ ಇಲ್ಲ."

ಅತ್ತೆ ನಿಂತಲ್ಲೇ ಒಂದೇ ಗುಟುಕಿಗೆ ಕುಡಿದರು. ಸುಶ್ಮಿತಾ ತೊಳೆಯಲು ಕೈ ಚಾಚಿದಳು. ಅತ್ತೆ ಲೋಟ ಕೊಡಲಿಲ್ಲ.